ಕಪ್ಪು ರಾಜಕುಮಾರಿ

ನಮ್ಮ ಬಾಗಲಕೋಟೆಯ ಓಣಿಯ ಹುಡುಗಿ, 7ನೇ ಇಯತ್ತೆ. ಶಾಲೆಯ ಗ್ಯಾದರಿಂಗಿನ ನಾಟಕ ಪೂರಾ ಬಾಯಿಪಾಠ. ಆದರೂ ದಾಸಿಯ ಪಾತ್ರ ತಾನೇ ಕೇಳಿ ಪಡೆದಳು. ಯಾಕೆಂದರೆ, ‘ರಾಜಕುಮಾರಿ ಕಪ್ಪಗಿರತಾಳೇನ್ರಿ?’ ಅಂದಳು.

ಅವಳನ್ನು ಯಾರೂ ಹಂಗಿಸಿರಲಿಲ್ಲ. ಓದಿದ ಕಥೆಗಳೇ ಕಲಿಸಿದ್ದವು: ನಾಯಕಿಯೆಂದರೆ ಹಾಲುಬಿಳುಪು, ನೀಳ ಜಡೆ, ತುಟಿ ಬಿಚ್ಚದ ಸಹನೆ. ಇಳಕಲ್ಲಿನ ಚಂದ್ರಕಾಳಿ ಸೀರೆಯನ್ನು ಕಪ್ಪೆಂದು ಮೂಗು ಮುರಿಯದ ನಾವು ಮಕ್ಕಳ ಮೈಬಣ್ಣಕ್ಕೆ ಮಾತ್ರ ಬೇರೆ ಅಳತೆಗೋಲು ಹಿಡಿಯುತ್ತೇವೆ.

ನಾನವಳಿಗೆ ಬಾದಾಮಿ ಚಾಲುಕ್ಯರ ಸೊಸೆಯ ಕಥೆ ಹೇಳಿದೆ. ಇಮ್ಮಡಿ ಪುಲಕೇಶಿಯ ಮಗ ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆ, 7ನೇ ಶತಮಾನದವಳು. ಸಂಸ್ಕೃತ ಕವಯಿತ್ರಿ ವಿಜ್ಜಿಕೆ ಇವಳೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ದಂಡಿ ‘ಕಾವ್ಯಾದರ್ಶ’ದ ಆರಂಭದಲ್ಲೇ ಸರಸ್ವತಿಯನ್ನು ಅಚ್ಚಬಿಳುಪಿನವಳೆಂದು ಸ್ತುತಿಸಿದ. ಕನ್ನೈದಿಲೆಯಂತೆ ಕಪ್ಪಗಿರುವ ತನ್ನನ್ನು ಅರಿಯದೆ ಅವನು ಸುಮ್ಮನೆ ಹಾಗಂದುಬಿಟ್ಟ ಎಂದು ವಿಜ್ಜಿಕೆಯ ಹೆಸರಿನ ಶ್ಲೋಕವೊಂದು ಚುಚ್ಚುತ್ತದೆ. ಎಂಥ ಠೇಂಕಾರ! ಬಣ್ಣಕ್ಕಾಗಿ ಕೊರಗಲಿಲ್ಲ, ಕವಿಯ ವರ್ಣನೆಯೇ ತಪ್ಪೆಂದಳು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಆಕಿ ಮ್ಯಾಲೆ ನಾಟಕ ಐತೇನ್ರಿ?’ ಅಂದಳು. ನನಗೆ ಯಾವುದೂ ನೆನಪಾಗಲಿಲ್ಲ. ‘ಹಂಗಾದ್ರ ನೀವs ಬರೀರಿ. ಬರೂ ವರ್ಷ ನಾ ಮಾಡತೀನಿ.’

ಬರೆಯಲು ಕುಳಿತಿದ್ದೇನೆ.