ತುರ್ತು ಗರ್ಭನಿರೋಧಕ ಮಾತ್ರೆ: ಬೆಲೆ ಎಷ್ಟು, ಸಿಗುವುದು ಎಲ್ಲಿ?

ಈ ಪುಟಗಳಲ್ಲಿ ಮಂಡಿನೋವು, ಆಮ್ಲಪಿತ್ತ, ಮಧುಮೇಹ, ಋತುಚರ್ಯೆಗಳ ಬಗ್ಗೆ ಬರೆಯುವುದು ರೂಢಿ. ಈ ತಿಂಗಳು ಆಯ್ದುಕೊಂಡ ವಿಷಯ ಕೆಲವು ಓದುಗರಿಗೆ ಮುಜುಗರ ತರಬಹುದು. ಆದರೆ ಮುಟ್ಟನ್ನೂ ಹೆರಿಗೆಯನ್ನೂ ಸೂತಕವೆಂದು ಒಪ್ಪದ ಪರಂಪರೆಗೆ ಸೇರಿದ ನಾವು ಹೆಣ್ಣುಮಕ್ಕಳ ಆರೋಗ್ಯದ ಮಾತನ್ನು ಪಿಸುದನಿಯಲ್ಲಿ ಆಡಬೇಕಾದ ಕಾರಣವಿಲ್ಲ. ತುರ್ತು ಗರ್ಭನಿರೋಧಕ ಮಾತ್ರೆಯು ಸರ್ಕಾರದ ಲೆಕ್ಕದಲ್ಲಿ ಎರಡು ರೂಪಾಯಿಯ ವಸ್ತು. ಔಷಧ ಅಂಗಡಿಯಲ್ಲಿ ನೂರು ರೂಪಾಯಿಯ ಆಸುಪಾಸಿನ ವಸ್ತು. ನಮ್ಮ ಸಣ್ಣ ಊರುಗಳಲ್ಲಿ, ಬೇಕಾದ ಹೊತ್ತಿಗೆ, ಅನೇಕ ವೇಳೆ ಎರಡೂ ಕಡೆ ಸಿಗದ ವಸ್ತು. ಈ ಸ್ಥಿತಿ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ. ಬದಲಾಯಿಸಬಲ್ಲವರಲ್ಲಿ ಈ ಪತ್ರಿಕೆಯ ಓದುಗರೂ ಇದ್ದಾರೆ.

ಮೊದಲು ಮಾತ್ರೆಯ ಬಗ್ಗೆ ಸ್ವಲ್ಪ ತಿಳಿಯೋಣ. ಅದರಲ್ಲಿರುವುದು ಲಿವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು, 1.5 ಮಿಲಿಗ್ರಾಂ. ದಿನನಿತ್ಯ ನುಂಗುವ ಕೆಲವು ಗರ್ಭನಿರೋಧಕ ಮಾತ್ರೆಗಳಲ್ಲಿಯೂ ಇದೇ ಹಾರ್ಮೋನು ಅತಿ ಕಡಿಮೆ ಪ್ರಮಾಣದಲ್ಲಿರುತ್ತದೆ. ಕಾಂಡೋಮ್ ಹರಿದಾಗ, ನಿತ್ಯದ ಮಾತ್ರೆ ಮೂರು ನಾಲ್ಕು ದಿನ ತಪ್ಪಿದಾಗ, ಯಾವ ರಕ್ಷಣೆಯೂ ಇಲ್ಲದೆ ಸಮಾಗಮವಾದಾಗ, 72 ಗಂಟೆಗಳೊಳಗೆ ಒಂದೇ ಒಂದು ಮಾತ್ರೆಯನ್ನು ನುಂಗಬೇಕು. ಇದು ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ. ಪುರುಷನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೆ ಜೀವಂತವಾಗಿರಬಲ್ಲುದು. ಅಷ್ಟರಲ್ಲಿ ಅಂಡಾಣು ಹೊರಬರದಿದ್ದರೆ ಗರ್ಭವಿಲ್ಲ. ಈಗಾಗಲೇ ಗರ್ಭ ನಿಂತಿದ್ದರೆ ಈ ಮಾತ್ರೆಯಿಂದ ಅದು ಇಳಿಯುವುದಿಲ್ಲ, ಅದಕ್ಕೆ ಹಾನಿಯೂ ಆಗುವುದಿಲ್ಲ. ಆದ್ದರಿಂದ ಇದನ್ನು ಗರ್ಭಪಾತದ ಮಾತ್ರೆ ಎಂದು ಕರೆಯುವುದು ಶುದ್ಧ ತಪ್ಪು. ಆದರೂ ಸುಶಿಕ್ಷಿತರೂ ಹಾಗೆಯೇ ಕರೆಯುತ್ತಾರೆ. ಔಷಧ ಅಂಗಡಿಯವರಲ್ಲಿಯೂ ಕೆಲವರು ಹಾಗೆಯೇ ತಿಳಿದಿದ್ದಾರೆ.

ಇಲ್ಲಿ ಗಂಟೆಗಳ ಲೆಕ್ಕ ಬಹಳ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯು ಹಲವು ದೇಶಗಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ 24 ಗಂಟೆಗಳಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ಆಗಬಹುದಾಗಿದ್ದ ಗರ್ಭಗಳ ಪೈಕಿ ಶೇ. 95ರಷ್ಟು ತಪ್ಪಿದವು. ಎರಡನೆಯ ದಿನಕ್ಕೆ ಅದು ಶೇ. 85ಕ್ಕೆ ಇಳಿಯಿತು, ಮೂರನೆಯ ದಿನ ಶೇ. 58ಕ್ಕೆ. ಎಂದರೆ ಶನಿವಾರ ರಾತ್ರಿಯ ಅಚಾತುರ್ಯಕ್ಕೆ ಭಾನುವಾರ ಬೆಳಿಗ್ಗೆ ಸಿಗುವ ಮಾತ್ರೆಗೂ ಮಂಗಳವಾರ ಸಂಜೆ ಸಿಗುವ ಮಾತ್ರೆಗೂ ಹೆಸರು ಒಂದೇ, ಬೆಲೆ ಒಂದೇ, ಕೆಲಸ ಮಾತ್ರ ಒಂದೇ ಅಲ್ಲ. ಅಂಗಡಿಯವನು ಒಮ್ಮೆ "ಇಲ್ಲ" ಎಂದರೆ ಆ ಹೆಣ್ಣುಮಗಳು ಕಳೆದುಕೊಳ್ಳುವುದು ಈ ಗಂಟೆಗಳನ್ನು.

ನನ್ನ ಚಿಕಿತ್ಸಾಲಯಕ್ಕೆ ಬಂದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಎರಡು ಮಕ್ಕಳು, ಗಂಡ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು, ಹಬ್ಬಕ್ಕೆ ನಾಲ್ಕು ದಿನ ಊರಿಗೆ ಬಂದಿದ್ದ. ಗಂಡನಿಲ್ಲದ ತಿಂಗಳುಗಳಲ್ಲಿ ನಿತ್ಯ ಮಾತ್ರೆ ನುಂಗುವವರು ಯಾರು? ಆತ ಮರಳಿ ಹೋದ ಮರುದಿನವೇ ಆಕೆ ತಾಲ್ಲೂಕು ಕೇಂದ್ರಕ್ಕೆ ಬಂದಳು. ಆದರೆ ನನ್ನ ಬಳಿಗೆ ಬಂದದ್ದು ಮುಟ್ಟು ನಿಂತ ಮೇಲೆ. "ಸಾಹೇಬ್ರ, ಎರಡು ಅಂಗಡ್ಯಾಗ ಕೇಳಿದೆ, ಇಲ್ಲ ಅಂದ್ರು. ಒಬ್ಬಾಂವ ನಿನ್ನ ಗಂಡ ಎಲ್ಲಿ ಅಂದ. ಮೂರನೇ ಅಂಗಡಿಗೆ ಹೋಗಾಕ ನಾಚಿಕಿ ಬಂತು" ಎಂದಳು. ಆಮೇಲೆ ಓಣಿಯ ಹಿರಿಯರು ಹೇಳಿದಂತೆ ಹಸಿ ಪಪ್ಪಾಯಿ ತಿಂದಿದ್ದಾಳೆ, ಎಳ್ಳು ಬೆಲ್ಲದ ಕಷಾಯ ಕುಡಿದಿದ್ದಾಳೆ. ಇನ್ನೂ ಒಂದು ಬಲವಾದ ಕಷಾಯ ನನ್ನಿಂದ ಸಿಗಬಹುದೆಂಬ ಆಸೆ ಆಕೆಗಿತ್ತು. ನಾನು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಿದೆ. ಕಾನೂನುಬದ್ಧವಾಗಿ, ಸುರಕ್ಷಿತವಾಗಿ ಅದು ಮುಗಿಯಿತು. ಒಂದು ಮಾತ್ರೆ ಸಕಾಲದಲ್ಲಿ ಸಿಕ್ಕಿದ್ದರೆ ಆಕೆ ಇಷ್ಟೆಲ್ಲ ಸುತ್ತಬೇಕಾಗಿರಲಿಲ್ಲ.

ಕಷಾಯದ ಮಾತು ಬಂದುದರಿಂದ ಆಯುರ್ವೇದ ವೈದ್ಯನಾಗಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ನಮ್ಮ ಗ್ರಂಥಗಳಲ್ಲಿ ಗರ್ಭನಿರೋಧದ ಯೋಗಗಳಿಲ್ಲವೆಂದಲ್ಲ. ಭಾವಪ್ರಕಾಶದಲ್ಲಿ ಹಿಪ್ಪಲಿ, ವಾಯುವಿಡಂಗ, ಟಂಕಣಗಳ ಚೂರ್ಣವನ್ನು ಹಾಲಿನೊಡನೆ ಸೇವಿಸುವ ಕ್ರಮ ಹೇಳಿದೆ. ಆದರೆ ಅದನ್ನು ಋತುಕಾಲದಲ್ಲಿ, ಮುಂಚಿತವಾಗಿ ಸೇವಿಸಬೇಕೆಂದಿದೆ. ಸಮಾಗಮದ ಮರುದಿನ ನುಂಗಿ ಪಾರಾಗುವ ಔಷಧವೆಂದು ಹೇಳಿಲ್ಲ. ಪಪ್ಪಾಯಿ, ಎಳ್ಳು, ಅನಾನಸ್, ಬಿಸಿ ಬಿಸಿ ಮೆಣಸಿನ ಕಷಾಯ, ಇವು ಯಾವುವೂ 72 ಗಂಟೆಗಳಲ್ಲಿ ಗರ್ಭವನ್ನು ತಡೆಯಲಾರವು. ಇವುಗಳನ್ನು ನೆಚ್ಚಿ ಕುಳಿತ ಪ್ರತಿ ದಿನವೂ ವ್ಯರ್ಥ. ತುರ್ತು ಗರ್ಭನಿರೋಧಕ್ಕೆ ನನ್ನ ಶಾಸ್ತ್ರದಲ್ಲಿ ಮದ್ದಿಲ್ಲ ಎನ್ನುವುದಕ್ಕೆ ನನಗೆ ಸಂಕೋಚವಿಲ್ಲ. ಹೊರಗೆ ಬೋರ್ಡು ಹಾಕಿಕೊಂಡು "ಆಯುರ್ವೇದಿಕ್ ಗ್ಯಾರಂಟಿ" ಎನ್ನುವವರಿಂದ ದೂರವಿರಿ.

ಇನ್ನು ಬೆಲೆಯ ವಿಚಾರ. 2011ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಯೋಜನೆಯಂತೆ ಆಶಾ ಕಾರ್ಯಕರ್ತೆಯರು ಗರ್ಭನಿರೋಧಕಗಳನ್ನು ಮನೆಬಾಗಿಲಿಗೆ ತಂದು ಕೊಡಬೇಕು. ಮೂರು ಕಾಂಡೋಮ್‌ಗಳ ಪೊಟ್ಟಣಕ್ಕೆ ಒಂದು ರೂಪಾಯಿ, ಒಂದು ತಿಂಗಳ ನಿತ್ಯ ಮಾತ್ರೆಗೆ ಒಂದು ರೂಪಾಯಿ, ತುರ್ತು ಮಾತ್ರೆಗೆ ಎರಡು ರೂಪಾಯಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಯೋಜನೆ ಒಳ್ಳೆಯದು. ಆದರೆ ಆಶಾ ಕಾರ್ಯಕರ್ತೆ ಅದೇ ಓಣಿಯವಳು, ಎಷ್ಟೋ ಸಲ ಅತ್ತೆಯ ಗೆಳತಿ ಅಥವಾ ಹತ್ತಿರದ ಬೀಗರ ಪೈಕಿ. ಆಕೆ ಎಷ್ಟೇ ಗುಟ್ಟು ಕಾಪಾಡಿದರೂ ಸೊಸೆಗೆ ಬಾಯಿ ಬಾರದು. ಮಾತ್ರೆಯ ದಾಸ್ತಾನು ಮುಗಿದು ತಿಂಗಳಾದರೂ ಬರದಿರುವುದನ್ನೂ ನಾನು ಕಂಡಿದ್ದೇನೆ. ಭಾನುವಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳುವವರಾರು? ಹೀಗಾಗಿ ಕಡೆಗೆ ಉಳಿಯುವುದು ಔಷಧ ಅಂಗಡಿಯೇ.

ಅಂಗಡಿಯಲ್ಲಿ ನೂರು ರೂಪಾಯಿ ಕೊಡುವುದು ಪಟ್ಟಣದ ನೌಕರಿಯವರಿಗೆ ದೊಡ್ಡದಲ್ಲ. ಕಳೆ ತೆಗೆಯಲು ಹೋಗುವ ಹೆಣ್ಣುಮಗಳಿಗೆ ಅದು ಹೆಚ್ಚುಕಡಿಮೆ ಅರ್ಧ ದಿನದ ಕೂಲಿ. 2023ರಿಂದ ಶಕ್ತಿ ಯೋಜನೆಯಿಂದಾಗಿ ಬಸ್ಸಿನ ಖರ್ಚು ಉಳಿದಿದೆ ನಿಜ. ಆದರೆ ತಾಲ್ಲೂಕಿಗೆ ಬಂದುಹೋದರೆ ಆ ದಿನದ ಕೂಲಿಯೂ ಹೋಯಿತು, ಮನೆಯಲ್ಲಿ "ಯಾಕೆ ಹೋಗಿದ್ದೆ" ಎಂಬ ಪ್ರಶ್ನೆಗೆ ಉತ್ತರವನ್ನೂ ಹೊಂದಿಸಬೇಕು. ಈ ಲೆಕ್ಕವನ್ನೆಲ್ಲ ಕೂಡಿಸಿದರೆ ಆ ಮಾತ್ರೆಯ ಬೆಲೆ ಪೊಟ್ಟಣದ ಮೇಲೆ ಅಚ್ಚಾದದ್ದರ ಸುಮಾರು ಮೂರು ಪಟ್ಟಾಗುತ್ತದೆ. ಖರೀದಿಸುವವರು ಒಂದು ವಿಷಯ ತಿಳಿದಿರಬೇಕು: ಜಾಹೀರಾತಿನಲ್ಲಿ ಕಂಡ ಹೆಸರನ್ನೇ ಕೇಳಬೇಕಾಗಿಲ್ಲ. ಲಿವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಎಂದು ಬರೆದಿರುವ ಬೇರೆ ಕಂಪನಿಗಳ ಮಾತ್ರೆಗಳೂ ಅದೇ ಔಷಧ; ಬೆಲೆಯಲ್ಲಿ ಮಾತ್ರ ವ್ಯತ್ಯಾಸ. ಅಚ್ಚಾದ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದು. ಗಿರಾಕಿಯ ನಾಚಿಕೆಯನ್ನು ನೋಡಿ ಬೆಲೆ ಏರಿಸುವವರಿದ್ದಾರೆ, ಬಿಲ್ಲು ಕೇಳಿರಿ.

ಅಂಗಡಿಯವರು ಏಕೆ ಇಡುವುದಿಲ್ಲ? ಕೇಳಿ ನೋಡಿದ್ದೇನೆ. ಕೆಲವರಿಗೆ ಇದು ಮರ್ಯಾದೆಯ ಪ್ರಶ್ನೆ. ಇನ್ನು ಕೆಲವರಿಗೆ ಔಷಧ ನಿಯಂತ್ರಣ ಇಲಾಖೆಯ ಭಯ. ಈ ಭಯಕ್ಕೆ ಮೂಲ ಎರಡು ಔಷಧಗಳ ಗೊಂದಲ. ನಿಂತ ಗರ್ಭವನ್ನು ತೆಗೆಯುವ ಮಿಫೆಪ್ರಿಸ್ಟೋನ್ ಮತ್ತು ಮೈಸೊಪ್ರೊಸ್ಟಾಲ್ ಮಾತ್ರೆಗಳ ಕಿಟ್ ಬೇರೆ. ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು ಅಪರಾಧ, ಮೇಲ್ವಿಚಾರಣೆಯಿಲ್ಲದೆ ನುಂಗಿದರೆ ರಕ್ತಸ್ರಾವದಿಂದ ಜೀವಕ್ಕೇ ಅಪಾಯ. ತುರ್ತು ಗರ್ಭನಿರೋಧಕ ಮಾತ್ರೆಗೆ ನಮ್ಮ ದೇಶದಲ್ಲಿ 2005ರಲ್ಲಿಯೇ ಚೀಟಿಯಿಲ್ಲದ ಮಾರಾಟಕ್ಕೆ ಅವಕಾಶ ಕೊಡಲಾಗಿದೆ. ವಿಚಿತ್ರವೆಂದರೆ, ಎರಡನೆಯದನ್ನು ಇಡಲು ಹೆದರುವ ಕೆಲವು ಅಂಗಡಿಗಳಲ್ಲಿ ಮೊದಲನೆಯದು ಒಳಕೋಣೆಯಿಂದ ಕಾಗದದಲ್ಲಿ ಸುತ್ತಿ ಹೊರಬರುತ್ತದೆ, ಅದೂ ದುಪ್ಪಟ್ಟು ಬೆಲೆಗೆ! ನೆರೆಯ ತಮಿಳುನಾಡಿನಲ್ಲಿ ಕಾನೂನಿನ ನಿಷೇಧವಿಲ್ಲದಿದ್ದರೂ ತುರ್ತು ಮಾತ್ರೆಯು ಬಹುಪಾಲು ಅಂಗಡಿಗಳಿಂದ ವರ್ಷಗಟ್ಟಲೆ ಕಾಣೆಯಾಗಿದೆ. ವ್ಯಾಪಾರಿಗಳು ಸುಮ್ಮನೆ ತರಿಸುವುದನ್ನು ಬಿಟ್ಟರೆ ಸಾಕು, ಹೀಗಾಗಲು ಆದೇಶವೇ ಬೇಕಿಲ್ಲ. ನಮ್ಮ ತಾಲ್ಲೂಕುಗಳಲ್ಲಿಯೂ ಅದೇ ಗತಿ ಬರಬಾರದು.

ಮಾತ್ರೆ ಸುಲಭವಾಗಿ ಸಿಕ್ಕರೆ ಯುವಜನರು ದಾರಿ ತಪ್ಪುತ್ತಾರೆ, ಆದ್ದರಿಂದ ವೈದ್ಯರ ಚೀಟಿ ಕಡ್ಡಾಯವಾಗಲಿ ಎನ್ನುವ ಹಿರಿಯರಿದ್ದಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ, ನನಗೂ ಮೊಮ್ಮಕ್ಕಳಿದ್ದಾರೆ. ಆದರೆ ಈ ಮಾತ್ರೆಯನ್ನು ಕೇಳಿಕೊಂಡು ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ತಾಳಿ ಕಟ್ಟಿಸಿಕೊಂಡ, ಮಕ್ಕಳಿರುವ ಗೃಹಿಣಿಯರು. ಚೀಟಿ ಕಡ್ಡಾಯವಾದರೆ ವೈದ್ಯರ ಶುಲ್ಕವೊಂದು ಸೇರಿಕೊಳ್ಳುತ್ತದೆ, ಒಂದು ದಿನವೂ ಹೋಗುತ್ತದೆ. ಅವಿವಾಹಿತ ಹುಡುಗಿಯೊಬ್ಬಳು ಬಂದಳೆಂದೇ ಇಟ್ಟುಕೊಳ್ಳೋಣ. ಆಗಬಾರದ್ದು ಆಗಿಹೋದ ಮೇಲೆ ಮಾತ್ರೆ ನಿರಾಕರಿಸಿ ನಾವು ಕಾಪಾಡುವುದು ಯಾವ ಶೀಲವನ್ನು? ಬಲಾತ್ಕಾರಕ್ಕೆ ಒಳಗಾದವಳಾಗಿದ್ದರಂತೂ ಖಾಸಗಿಯೂ ಸೇರಿದಂತೆ ಎಲ್ಲ ಆಸ್ಪತ್ರೆಗಳೂ ಉಚಿತವಾಗಿ ಚಿಕಿತ್ಸೆ ನೀಡಬೇಕೆಂದು ಕಾನೂನೇ ವಿಧಿಸಿದೆ. ಈ ಮಾತ್ರೆಯೂ ಆ ಚಿಕಿತ್ಸೆಯ ಭಾಗ.

ಅತ್ತ ಕಡೆಯ ದೋಷವನ್ನೂ ಹೇಳದಿದ್ದರೆ ಅಪಚಾರವಾದೀತು. ನಗರಗಳಲ್ಲಿ ಓದುವ, ದುಡಿಯುವ ಕೆಲವರು ಇದನ್ನು ತಿಂಗಳಿಗೆ ಮೂರು ನಾಲ್ಕು ಬಾರಿ ನುಂಗುತ್ತಾರೆ. ಜೀವಕ್ಕೆ ಅಪಾಯವಿಲ್ಲದಿದ್ದರೂ ಮುಟ್ಟಿನ ಕ್ರಮ ಕೆಡುತ್ತದೆ, ರಕ್ಷಣೆಯೂ ನಿತ್ಯದ ವಿಧಾನಗಳಷ್ಟು ಇರುವುದಿಲ್ಲ, ಲೈಂಗಿಕ ರೋಗಗಳನ್ನು ಇದು ತಡೆಯುವುದೇ ಇಲ್ಲ. ತಿಂಗಳಿಗೆ ನಾನೂರು ರೂಪಾಯಿ ಇದಕ್ಕೆ ಸುರಿಯುವ ಬದಲು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ವಂಕಿ, ಇವುಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದು. ಅಂದಹಾಗೆ, ತಾಮ್ರದ ವಂಕಿಯನ್ನು ಐದು ದಿನಗಳೊಳಗೆ ಹಾಕಿಸಿಕೊಂಡರೆ ಅದು ತುರ್ತು ಮಾತ್ರೆಗಿಂತ ಹೆಚ್ಚು ಖಚಿತ, ಮುಂದೆ ವರ್ಷಗಳ ಕಾಲ ಚಿಂತೆಯೂ ಇಲ್ಲ. ಮಂಗಳವಾರ ಸಂಜೆಗೆ ತಲುಪಿದವರು ಇದನ್ನು ನೆನಪಿಡಬೇಕು.

ಮಾತ್ರೆ ನುಂಗಿದ ಎರಡು ಮೂರು ಗಂಟೆಗಳೊಳಗೆ ವಾಂತಿಯಾದರೆ ಇನ್ನೊಂದನ್ನು ನುಂಗಬೇಕು. ಕ್ಷಯರೋಗಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಜೆಪೀನ್ ಸೇವಿಸುತ್ತಿರುವವರಲ್ಲಿ ಇದರ ಶಕ್ತಿ ಕುಗ್ಗುತ್ತದೆ. ಅವರು ವೈದ್ಯರನ್ನು ಕೇಳಲೇಬೇಕು. ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭ ಪರೀಕ್ಷೆ ಮಾಡಿಸಿ. ಗರ್ಭ ನಿಂತಿದೆಯೆಂದು ತಿಳಿದರೂ ಕದ್ದುಮುಚ್ಚಿ ಸೂಲಗಿತ್ತಿಯ ಬಳಿ ಹೋಗಬೇಕಾಗಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಗರ್ಭನಿರೋಧಕ ವಿಫಲವಾಯಿತೆಂಬ ಕಾರಣಕ್ಕೆ ಇಪ್ಪತ್ತು ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಸೇವೆ ಪಡೆಯಬಹುದು. ಮದುವೆಯಾಗಿರಬೇಕೆಂಬ ನಿರ್ಬಂಧವಿಲ್ಲ, ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ.

ನಮ್ಮ ಮಠದ ಭಕ್ತರಲ್ಲಿ ಔಷಧ ವ್ಯಾಪಾರಿಗಳು ಅನೇಕರಿದ್ದಾರೆ. ಅವರಲ್ಲಿ ನನ್ನ ವಿನಂತಿ: ನಾಲ್ಕು ಮಾತ್ರೆಗಳಾದರೂ ಸದಾ ಅಂಗಡಿಯಲ್ಲಿರಲಿ, ಅವುಗಳಲ್ಲಿ ಒಂದೆರಡು ಕಡಿಮೆ ಬೆಲೆಯವಿರಲಿ. ಕೇಳಿದವರಿಗೆ "ಎಷ್ಟು ಗಂಟೆಯಾಯಿತು" ಎಂಬುದೊಂದನ್ನೇ ಕೇಳಿ, ಗಂಡ ಎಲ್ಲಿ ಎಂದು ಕೇಳಬೇಡಿ. ಅಂಗಡಿಯಲ್ಲಿ ಹೆಣ್ಣುಮಕ್ಕಳು ಕೆಲಸಕ್ಕಿದ್ದರೆ ಇದನ್ನು ಅವರ ಕೈಗೆ ಬಿಡಿ. ಗಂಡಂದಿರಿಗೂ ಒಂದು ಮಾತು. ಇಬ್ಬರ ಹೊಣೆಯಾದ ಕೆಲಸಕ್ಕೆ ಹೆಂಡತಿಯೊಬ್ಬಳನ್ನೇ ಅಂಗಡಿಗೆ ಕಳುಹಿಸಬೇಡಿ. ಊರಿಗೆ ಹೊರಟ ದಿನ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕಾಂಡೋಮ್ ಕೊಳ್ಳುವಾಗಲೇ ಒಂದು ಮಾತ್ರೆಯನ್ನೂ ಕೊಂಡು ಮನೆಯಲ್ಲಿಡಿ. ಅವಧಿ ಮುಗಿಯುವವರೆಗೆ ಅದು ಕೆಡುವುದಿಲ್ಲ.

ಮುಂದಿನ ಜಾತ್ರೆಯ ಉಚಿತ ಆರೋಗ್ಯ ಶಿಬಿರದ ಸಿದ್ಧತೆ ಈಗಾಗಲೇ ಆರಂಭವಾಗಿದೆ. ರಕ್ತದೊತ್ತಡಕ್ಕೊಂದು, ಸಕ್ಕರೆ ಕಾಯಿಲೆಗೊಂದು, ಕಣ್ಣಿಗೊಂದು ಮೇಜು ಪ್ರತಿ ವರ್ಷ ಇದ್ದೇ ಇರುತ್ತದೆ. ಈ ಬಾರಿ ಸ್ವಲ್ಪ ಮರೆಯಾದ ಜಾಗದಲ್ಲಿ ಇನ್ನೊಂದು ಮೇಜು ಹಾಕಿ, ಬೇರೆ ಊರಿನ ಆರೋಗ್ಯ ಸಹಾಯಕಿಯೊಬ್ಬರನ್ನು ಕೂಡಿಸಿ, ಕಾಂಡೋಮ್, ಛಾಯಾ, ತುರ್ತು ಮಾತ್ರೆಗಳನ್ನು ಆರೋಗ್ಯ ಇಲಾಖೆಯಿಂದ ತರಿಸಿಡಬೇಕೆಂದು ಶಿಬಿರ ಸಮಿತಿಯನ್ನು ಕೇಳಿಕೊಂಡಿದ್ದೇನೆ. ಬೇರೆ ಊರಿನವರೇ ಏಕೆಂದು ಸಮಿತಿಯ ಸದಸ್ಯರೊಬ್ಬರು ಕೇಳಿದರು. ಅವರ ಮನೆಯ ಹೆಣ್ಣುಮಕ್ಕಳನ್ನೇ ಕೇಳಿ ನೋಡುವಂತೆ ಹೇಳಿದ್ದೇನೆ.