ಕೌನ್ಸಿಲರ್ ಖಾತೆಗೆ 'ಖಾಸಗಿ' ಎಂಬ ಮರೆ ಬೇಡ

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ಸದಸ್ಯರು ಅನುಮತಿ ಇಲ್ಲದೆ ಆರು ತಿಂಗಳು ಒಂದು ಸಭೆಗೂ ಬಾರದಿದ್ದರೆ ಸ್ಥಾನ ಕಳೆದುಕೊಳ್ಳುತ್ತಾರೆ. 1972ರ ಕಾಯ್ದೆಯ ನಿಯಮವದು. ಅದೇ ಸದಸ್ಯರು ಆರು ತಿಂಗಳು ಫೇಸ್‌ಬುಕ್‌ನಲ್ಲಿ ತಮ್ಮ ವಾರ್ಡಿನ ವಲಸಿಗರನ್ನು ಹೀನಾಯವಾಗಿ ನಿಂದಿಸಿದರೂ ಕೌನ್ಸಿಲ್ ಅವರನ್ನು ಒಂದು ದಿನಕ್ಕೂ ಅಮಾನತು ಮಾಡುವಂತಿಲ್ಲ. ಛೀಮಾರಿ ಹಾಕಬಹುದು, ತರಬೇತಿಗೆ ಹೋಗಿ ಎನ್ನಬಹುದು, ಇಂಥ ಸಣ್ಣ ಕ್ರಮಗಳಷ್ಟೇ. 2011ರ ಲೋಕಲಿಸಂ ಆಕ್ಟ್ ಅಮಾನತಿನ ಅಧಿಕಾರವನ್ನೇ ತೆಗೆದುಹಾಕಿತು. ನೆರೆಯ ವೇಲ್ಸ್‌ನಲ್ಲಿ ಆ ಅಧಿಕಾರ ಇಂದಿಗೂ ಇದೆ.

ಇನ್ನೊಂದು ಕಿಂಡಿ ಇದಕ್ಕಿಂತ ದೊಡ್ಡದು. ಸದಸ್ಯರಾಗಿ ಕೆಲಸ ಮಾಡುವಾಗಿನ ನಡವಳಿಕೆಗೆ ಮಾತ್ರ ನೀತಿಸಂಹಿತೆ ಅನ್ವಯಿಸುತ್ತದೆ. ಲಂಡನ್ ಮೇಯರ್ ಆಗಿದ್ದ ಕೆನ್ ಲಿವಿಂಗ್‌ಸ್ಟನ್ ಯಹೂದಿ ಪತ್ರಕರ್ತರೊಬ್ಬರನ್ನು ನಾಜಿ ಶಿಬಿರದ ಕಾವಲುಗಾರನಿಗೆ ಹೋಲಿಸಿದಾಗ ನಾಲ್ಕು ವಾರಗಳ ಅಮಾನತು ವಿಧಿಸಲಾಗಿತ್ತು. 2006ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಹೊತ್ತಿನಲ್ಲಿ ಅವರು ಮೇಯರ್ ಕೆಲಸದಲ್ಲಿರಲಿಲ್ಲ ಎಂಬುದು ಒಂದು ಕಾರಣ. ಸಂಜೆ ಬೀದಿಯಲ್ಲಿ ಆಡಿದ ಮಾತಿನ ಮಟ್ಟಿಗೆ ಈ ವಾದವನ್ನು ಒಪ್ಪಬಹುದೇನೋ. ಮೊಬೈಲ್‌ನಲ್ಲಿ ಅದು ನಿಲ್ಲುವುದಿಲ್ಲ. ಹೆಸರಿನ ಮುಂದೆ 'ಕೌನ್ಸಿಲರ್', ಎದೆಯ ಮೇಲೆ ಪಕ್ಷದ ಬಿಲ್ಲೆ. ಬೆಳಿಗ್ಗೆ ಕಸದ ಗಾಡಿ ಬರುವ ದಿನ ತಿಳಿಸಿದ ಖಾತೆಯಿಂದಲೇ ರಾತ್ರಿ ದ್ವೇಷದ ಪೋಸ್ಟ್. ಪ್ರಶ್ನಿಸಿದರೆ, ಅದು ನನ್ನ ಖಾಸಗಿ ಅಭಿಪ್ರಾಯ ಎಂಬ ಉತ್ತರ. ಬೈಸಿಕೊಂಡವರು ಮರುದಿನ ಮನೆಯ ಅರ್ಜಿ ಹಿಡಿದು ಅದೇ ವ್ಯಕ್ತಿಯ ಬಳಿಗೆ ಹೋಗಬೇಕು. ಯಾವ ಧೈರ್ಯದ ಮೇಲೆ?

ಸಾರ್ವಜನಿಕ ಬದುಕಿನ ನಡವಳಿಕೆಯನ್ನು ಪರಿಶೀಲಿಸುವ ಸಮಿತಿ 2019ರಲ್ಲೇ ದಾರಿ ತೋರಿಸಿತ್ತು: ಯಾರು ಬೇಕಾದರೂ ನೋಡಬಹುದಾದ ಪೋಸ್ಟನ್ನು ಹುದ್ದೆಯಲ್ಲಿದ್ದು ಆಡಿದ ಮಾತೆಂದೇ ಭಾವಿಸಬೇಕು, ತಪ್ಪಿದವರನ್ನು ಭತ್ಯೆ ಇಲ್ಲದೆ ಆರು ತಿಂಗಳವರೆಗೆ ಅಮಾನತು ಮಾಡಲು ಅವಕಾಶವಿರಬೇಕು. 2022ರಲ್ಲಿ ಸರ್ಕಾರ ಅಮಾನತಿನ ಸಲಹೆಯನ್ನು ತಳ್ಳಿಹಾಕಿತು. ಲೇಬರ್ ಸರ್ಕಾರ ಬಂದ ಮೇಲೆ, 2024ರ ಡಿಸೆಂಬರ್‌ನಲ್ಲಿ, ಆ ವಿಷಯಕ್ಕೆ ಮತ್ತೆ ಜೀವ ಬಂತು.

ವಾಕ್ ಸ್ವಾತಂತ್ರ್ಯ ಏನಾಗಬೇಕು ಎನ್ನುವವರ ಆತಂಕ ಪೊಳ್ಳಲ್ಲ. ಆಡಳಿತವನ್ನು ಖಾರವಾಗಿ ಟೀಕಿಸುವುದು ಸದಸ್ಯರ ಕೆಲಸವೇ. ಆದರೆ 2014ರ ಹೀಸಮ್ ಪ್ರಕರಣದಲ್ಲಿ, ರಾಜಕೀಯ ಮಾತಿಗೆ ವಿಶೇಷ ರಕ್ಷಣೆಯಿದೆ ಎಂದ ನ್ಯಾಯಾಲಯವೇ ವೇಲ್ಸ್‌ನ ಸದಸ್ಯರೊಬ್ಬರ ಅನರ್ಹತೆಯನ್ನು ಎರಡೂವರೆ ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಸಿತೇ ಹೊರತು ತೆಗೆದುಹಾಕಲಿಲ್ಲ. ನನ್ನ ಭಯ ಬೇರೆ: ಬಹುಮತದ ಪಕ್ಷವು ಅಮಾನತನ್ನು ವಿರೋಧಿಗಳ ಬಾಯಿ ಮುಚ್ಚಿಸಲು ಬಳಸಬಹುದು. ಅದಕ್ಕೇ 2019ರ ವರದಿಯ ಇನ್ನೆರಡು ಷರತ್ತುಗಳನ್ನು ಬಿಡುವಂತಿಲ್ಲ: ಪಕ್ಷಕ್ಕೆ ಸೇರದ ಸ್ವತಂತ್ರ ವ್ಯಕ್ತಿ ಒಪ್ಪಿದರೆ ಮಾತ್ರ ಅಮಾನತು, ಅದರ ವಿರುದ್ಧ ಒಂಬುಡ್ಸ್‌ಮನ್‌ಗೆ ಮೇಲ್ಮನವಿ.