ಇಎನ್‌ಟಿ ಮೇಷ್ಟ್ರು ಬೇಕಾಗಿದ್ದಾರೆ, ಕೋಲಾರಕ್ಕೆ

ಮೆಡಿಕಲ್ ಕಾಲೇಜುಗಳು ಆಗಾಗ ಪತ್ರಿಕೆಯಲ್ಲಿ ಕೊಡುವ ‘ಬೇಕಾಗಿದ್ದಾರೆ’ ಜಾಹೀರಾತನ್ನು ಡಾಕ್ಟರಲ್ಲದವರು ಓದುವುದು ಕಡಿಮೆ. ವಿಭಾಗಗಳ ಪಟ್ಟಿ, ಅದರ ಮುಂದೆ ಹುದ್ದೆಗಳು, ಕೆಳಗೆ ವಾಕ್‌-ಇನ್ ಸಂದರ್ಶನದ ದಿನ. ಮೆಡಿಸಿನ್, ಸರ್ಜರಿ, ಹೆರಿಗೆ ವಿಭಾಗಗಳೆಲ್ಲ ಮುಗಿದ ಮೇಲೆ ಎಲ್ಲೋ ಕೆಳಗೆ ಕಿವಿ, ಮೂಗು, ಗಂಟಲಿನ ಇಎನ್‌ಟಿ ಬರುತ್ತದೆ. ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್, ಅಸಿಸ್ಟೆಂಟ್ ಪ್ರೊಫೆಸರ್, ಸೀನಿಯರ್ ರೆಸಿಡೆಂಟ್. ಅರ್ಹತೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ, ಸಂಬಳ ಸಂಸ್ಥೆಯ ನಿಯಮದಂತೆ. ಕೆಲಸ ಹುಡುಕುವ ಡಾಕ್ಟರಿಗೆ ಇಷ್ಟು ಸಾಕು. ಮುಳಬಾಗಿಲಿನಿಂದ ಹತ್ತು ಕಿಲೋಮೀಟರ್ ಆಚೆಗಿರುವ ಕುರುಡುಮಲೆಯಲ್ಲಿ ಕೂತು ಅದೇ ಜಾಹೀರಾತು ಓದಿದರೆ ಸಾಲದು ಅನಿಸುತ್ತದೆ. ಆ ಹುದ್ದೆ ತುಂಬಿತೋ ಖಾಲಿ ಉಳಿಯಿತೋ ಎಂಬುದಕ್ಕೂ ಇಲ್ಲಿನ ಮನೆಗಳ ಬದುಕಿಗೂ ನೇರ ಸಂಬಂಧವಿದೆ. ಆ ಸಂಬಂಧವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಕೋಲಾರ ಜಿಲ್ಲೆಗೆ ಇಎನ್‌ಟಿ ಕಲಿಸುವ ಡಾಕ್ಟರುಗಳು ಬಹುಪಾಲು ಜಿಲ್ಲೆಗಳಿಗಿಂತ ಹೆಚ್ಚು ಬೇಕು. ಮೊದಲ ಕಾರಣ ಹೊಗೆಸೊಪ್ಪು.

ನಮ್ಮ ಕಡೆ ಕೂಲಿಗೆ ಹೋಗುವ ಹೆಂಗಸರ ಸೆರಗಿನ ತುದಿಯಲ್ಲೋ ಸೊಂಟದ ಚೀಲದಲ್ಲೋ ಎಲೆ, ಅಡಿಕೆ, ಸುಣ್ಣದ ಜೊತೆಗೆ ಹೊಗೆಸೊಪ್ಪು ಇರುತ್ತದೆ. ಟೊಮೆಟೊ ಬಿಡಿಸುವಾಗ, ಕಡಲೆಕಾಯಿ ಕೀಳುವಾಗ, ಇಟ್ಟಿಗೆ ಗೂಡಿನಲ್ಲಿ ಹೊರೆ ಹೊರುವಾಗ ಹಸಿವು ತಡೆಯಲು ಅದನ್ನು ಬಾಯಿಗೆ ಹಾಕುತ್ತಾರೆ. ಇಷ್ಟೇ ಆಗಿದ್ದರೆ ಅಪಾಯ ಸ್ವಲ್ಪ ಕಡಿಮೆ ಇರುತ್ತಿತ್ತು. ಎಷ್ಟೋ ಜನ ರಾತ್ರಿ ಮಲಗುವಾಗಲೂ ಆ ಉಂಡೆಯನ್ನು ಕೆನ್ನೆಯ ಒಳಗೆ ಒತ್ತಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ. ಬೆಳಗಿನವರೆಗೂ ಅದು ಒಂದೇ ಜಾಗದಲ್ಲಿ ಕೂತು ಚರ್ಮವನ್ನು ಸುಡುತ್ತದೆ. ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಇಎನ್‌ಟಿ ಮತ್ತು ತಲೆ-ಕುತ್ತಿಗೆ ಶಸ್ತ್ರಚಿಕಿತ್ಸಾ ವಿಭಾಗದವರು ಈ ಬಗ್ಗೆ ಪ್ರಬಂಧಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಎರಡು ಸಂಗತಿ: ಇಲ್ಲಿನ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕೆನ್ನೆಯ ಒಳಭಾಗದ್ದು, ರೋಗಿಗಳಲ್ಲಿ ಹೆಂಗಸರೇ ಹೆಚ್ಚು. ದೇಶದ ಬೇರೆ ಕಡೆ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಗಂಡಸರ ರೋಗ. ಗ್ಲೋಬೊಕಾನ್ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಜನಕ್ಕೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬರುತ್ತಿದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಸಂತೆಯಲ್ಲಿ ತೂಗಿ ಕೊಡುವ ಹೊಗೆಸೊಪ್ಪಿಗೆ ಆ ನಿಷೇಧ ಮುಟ್ಟಲಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ವೇಳೆಗೂ ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

ಈ ರೋಗ ಮೊದಲು ಬಿಳಿ ಮಚ್ಚೆಯಾಗಿಯೋ ಸಣ್ಣ ಹುಣ್ಣಾಗಿಯೋ ಕಾಣಿಸುತ್ತದೆ. ನೋವಿರುವುದಿಲ್ಲ. ಎರಡು ಮೂರು ವಾರದಲ್ಲಿ ಮಾಯದ ಹುಣ್ಣನ್ನು ಡಾಕ್ಟರಿಗೆ ತೋರಿಸಲೇಬೇಕು. ಆ ಹಂತದಲ್ಲಿ ಸಿಕ್ಕಿದರೆ ಕೆನ್ನೆಯೊಳಗಿನ ಒಂದಿಷ್ಟು ಭಾಗ ತೆಗೆದು ಮನೆಗೆ ಕಳಿಸಬಹುದು. ತಡವಾದರೆ ದವಡೆ ಮೂಳೆಯ ಭಾಗ ಕತ್ತರಿಸಬೇಕು, ಕುತ್ತಿಗೆಯ ಗಂಟುಗಳನ್ನು ಬಿಡಿಸಬೇಕು, ಆದ ತೂತನ್ನು ಎದೆಯ ಮಾಂಸಖಂಡ ತಿರುಗಿಸಿ ತಂದು ಮುಚ್ಚಬೇಕು, ಆಮೇಲೆ ವಾರಗಟ್ಟಲೆ ವಿಕಿರಣ ಚಿಕಿತ್ಸೆ. ನಮ್ಮವರು ಹೆಚ್ಚಾಗಿ ಬರುವುದು ತಡವಾಗಿಯೇ. ಹಲ್ಲುನೋವು ಎಂದುಕೊಂಡು ಮೆಡಿಕಲ್ ಸ್ಟೋರಿನ ಮಾತ್ರೆಯಲ್ಲಿ ತಿಂಗಳು ಕಳೆಯುತ್ತಾರೆ. ಬಾಯಿ ತೆರೆಯಲಾಗದೆ ಮುದ್ದೆ ನುಂಗುವುದು ಕಷ್ಟವಾದಾಗ ಮಗ ಕರೆದುಕೊಂಡು ಬರುತ್ತಾನೆ. ‘ಎಷ್ಟು ವರ್ಷದಿಂದ ಹೊಗೆಸೊಪ್ಪು ಹಾಕ್ತೀಯಮ್ಮಾ?’ ಎಂದು ಮಗನೆದುರಿಗೆ ಕೇಳಿದರೆ ತಾಯಿ ‘ಇಲ್ಲ ಸಾರ್’ ಅನ್ನುತ್ತಾಳೆ. ಮಗನನ್ನು ಹೊರಗೆ ಕಳಿಸಿ, ಆಕೆಯ ಮನೆಮಾತು ತೆಲುಗಾದರೆ ತೆಲುಗಿನಲ್ಲಿ ಕೇಳಿದರೆ ನಿಜ ಹೇಳುತ್ತಾಳೆ. ಹೀಗೆ ಕೇಳುವ ಜಾಣ್ಮೆ ಬರುವುದು ಇದೇ ಊರಿನ ಒಪಿಡಿಯಲ್ಲಿ ವರ್ಷಗಟ್ಟಲೆ ಕೂತ ಡಾಕ್ಟರಿಗೆ. ಆರು ತಿಂಗಳಿಗೊಬ್ಬರು ಬದಲಾಗುವ ವಿಭಾಗದಲ್ಲಿ ಈ ಜ್ಞಾನ ಒಬ್ಬರಿಂದ ಒಬ್ಬರಿಗೆ ದಾಟುವುದೇ ಇಲ್ಲ.

ಟಮಕದ ಕಾಲೇಜು 1986ರಲ್ಲಿ ಶುರುವಾಯಿತು. ಆರ್.ಎಲ್. ಜಾಲಪ್ಪನವರು ಕಟ್ಟಿದ್ದು. ಅದರ ಆಸ್ಪತ್ರೆಯನ್ನು ಜನ ಈಗಲೂ ಜಾಲಪ್ಪ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದವರಿಗೆ ಬೆಂಗಳೂರಿಗೆ ಮೊದಲು ಸಿಗುವ ದೊಡ್ಡ ಆಸ್ಪತ್ರೆ ಅದು. ಗಡಿಯ ಕೆಲವರು ಆಂಧ್ರದ ಕುಪ್ಪಂನ ಪಿಇಎಸ್ ಕಾಲೇಜಿಗೆ, ಇನ್ನು ಕೆಲವರು ವೆಲ್ಲೂರಿಗೆ ಹೋಗುತ್ತಾರೆ. ಬೆಂಗಳೂರಿಗೆ ಹೋದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿನ ಸಾಲಿನ ಉದ್ದ ಎಲ್ಲರಿಗೂ ಗೊತ್ತಿರುವುದೇ. ದಿನಗೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕಾದವರಿಗೆ ಮನೆಗೆ ಒಂದು ಬಸ್ಸಿನಷ್ಟು ದೂರದಲ್ಲಿ ನುರಿತ ವಿಭಾಗವಿದ್ದರೆ ಚಿಕಿತ್ಸೆ ಪೂರ್ತಿಯಾಗುತ್ತದೆ. ದೂರವಾದರೆ ಅರ್ಧಕ್ಕೆ ನಿಲ್ಲುತ್ತದೆ.

ಕಲಿಸುವ ಹುದ್ದೆ ಬೇರೆ, ಚಿಕಿತ್ಸೆ ಕೊಡುವ ಹುದ್ದೆ ಬೇರೆ ಎಂಬ ಭಾವನೆ ಹಲವರಿಗಿದೆ. ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಇದು ಪೂರ್ತಿ ತಪ್ಪು. ಕಿವಿಯ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಚಿಕ್ಕಂದಿನಿಂದ ಕಿವಿ ಸೋರುವ ಮಕ್ಕಳು ನಮ್ಮ ಪ್ರತಿ ಶಾಲೆಯಲ್ಲಿದ್ದಾರೆ. ಎಣ್ಣೆ ಬಿಟ್ಟು, ಹತ್ತಿ ತುರುಕಿ ವರ್ಷ ಕಳೆದರೆ ಕೆಲವರಲ್ಲಿ ಒಳಗಿನ ರೋಗ ಮೂಳೆಯನ್ನೇ ತಿನ್ನುತ್ತದೆ, ಕೈಮೀರಿದರೆ ಮೆದುಳಿಗೂ ಹರಡುತ್ತದೆ. ಆಗ ಕಿವಿಯ ಹಿಂದಿನ ಮೂಳೆಯನ್ನು ಡ್ರಿಲ್‌ನಿಂದ ಕೊರೆದು ರೋಗವನ್ನು ತೆಗೆಯಬೇಕು. ಅಲ್ಲೇ ಮುಖದ ನರ ಹಾದುಹೋಗುತ್ತದೆ. ಕೈ ಕೂದಲೆಳೆಯಷ್ಟು ಜಾರಿದರೂ ಮುಖದ ಒಂದು ಬದಿ ಸೊಟ್ಟಗಾಗುತ್ತದೆ. ವಿದ್ಯಾರ್ಥಿ ಮೊದಲು ಶವದ ಮೂಳೆಯ ಮೇಲೆ ಕೊರೆದು ಕಲಿಯಬೇಕು. ಆಮೇಲೆ ಮೈಕ್ರೋಸ್ಕೋಪಿನ ಪಕ್ಕದ ಕಣ್ಣಿನಲ್ಲಿ ಮೇಷ್ಟ್ರು ಮಾಡುವುದನ್ನು ನೋಡಬೇಕು. ಕೊನೆಗೆ ಮೇಷ್ಟ್ರು ಪಕ್ಕದ ಕಣ್ಣಿಗೆ ಸರಿದು ವಿದ್ಯಾರ್ಥಿಯ ಕೈಗೆ ಡ್ರಿಲ್ ಕೊಡಬೇಕು. ಪಕ್ಕದ ಕಣ್ಣಿನಲ್ಲಿ ನೋಡಲು ಮೇಷ್ಟ್ರೇ ಇಲ್ಲದಿದ್ದರೆ ಆ ವಿದ್ಯಾರ್ಥಿ ಪಾಸಾಗಿ ಬಂದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿ ಮುಟ್ಟಲು ಹೆದರುತ್ತಾನೆ, ‘ಬೆಂಗಳೂರಿಗೆ ಹೋಗಿ’ ಎಂದು ಚೀಟಿ ಬರೆಯುತ್ತಾನೆ. ಇವತ್ತು ಖಾಲಿ ಬಿಟ್ಟ ಹುದ್ದೆಯ ಪರಿಣಾಮ ಹತ್ತು ವರ್ಷದ ನಂತರ ಮುಳಬಾಗಿಲಿನ ಒಪಿಡಿಯಲ್ಲಿ ಕಾಣುತ್ತದೆ.

ನಮ್ಮದು ಕಡಲೆಕಾಯಿಯ ಸೀಮೆ. ಹಲ್ಲು ಪೂರ್ತಿ ಬಾರದ ಮಗು ಕಡಲೆಬೀಜ ಬಾಯಿಗೆ ಹಾಕಿಕೊಂಡು ನಗುವಾಗಲೋ ಅಳುವಾಗಲೋ ಅದು ಶ್ವಾಸನಾಳಕ್ಕೆ ಜಾರುತ್ತದೆ. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ. ಕೆಮ್ಮಿನ ಸಿರಪ್ ಕೊಟ್ಟು ದಿನ ಕಳೆದರೆ ಅದು ಅಲ್ಲೇ ಊದಿಕೊಳ್ಳುತ್ತದೆ, ಅದರ ಎಣ್ಣೆಯಿಂದ ಸುತ್ತಲಿನ ಭಾಗ ಕೆರಳುತ್ತದೆ. ಬ್ರಾಂಕೋಸ್ಕೋಪ್ ಇಳಿಸಿ ಅದನ್ನು ಹಿಡಿದು ತೆಗೆಯಬೇಕು. ಅರಿವಳಿಕೆ ಕೊಡುವವರೂ ತೆಗೆಯುವವರೂ ಅಂಗೈ ಅಗಲವೂ ಇಲ್ಲದ ಎದೆಯ ಒಂದೇ ಉಸಿರಿನ ದಾರಿಯಲ್ಲಿ ಕೆಲಸ ಮಾಡಬೇಕು. ರಾತ್ರಿ ಎರಡು ಗಂಟೆಗೆ ಇದನ್ನು ಮಾಡಬಲ್ಲ ತಂಡ ಸಿಗುವುದು ಹಿರಿಯರು, ಕಿರಿಯರು, ರೆಸಿಡೆಂಟುಗಳು ಸರದಿಯ ಮೇಲೆ ಇರುವ ಕಾಲೇಜು ಆಸ್ಪತ್ರೆಯಲ್ಲಿ. 2021ರ ಬೇಸಿಗೆಯಲ್ಲಿ ಕೊರೊನಾ ಹಿಂದೆಯೇ ಕಪ್ಪು ಶಿಲೀಂಧ್ರ ಬಂದಾಗಲೂ ಹೀಗೆಯೇ ಆಯಿತು. ಮೂಗಿನ ಪಕ್ಕದ ಕುಹರಗಳಿಂದ ಕೊಳೆತದ್ದನ್ನು ತೆಗೆದು ಕಣ್ಣು, ಮೆದುಳು ಉಳಿಸಲು ನಿಂತವರಲ್ಲಿ ಇಎನ್‌ಟಿಯವರೇ ಮುಂದಿದ್ದರು. ಪಟ್ಟಿಯ ಕೆಳಗಿರುವ ವಿಭಾಗ ಎಂಥದ್ದು ಎಂದು ಆಗ ಎಲ್ಲರಿಗೂ ಗೊತ್ತಾಗಬೇಕಿತ್ತು.

ಹಾಗಾದರೆ ಹುದ್ದೆಯಲ್ಲಿ ಜನ ಏಕೆ ನಿಲ್ಲುವುದಿಲ್ಲ? ಎಂ.ಎಸ್. ಮುಗಿಸಿದವರು ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿರಬೇಕು. ಅಲ್ಲಿಂದ ಅಸೋಸಿಯೇಟ್ ಆಗಲು ನಾಲ್ಕು ವರ್ಷ, ಪ್ರಕಟವಾದ ಸಂಶೋಧನಾ ಪ್ರಬಂಧಗಳು, ಕಲಿಸುವ ತರಬೇತಿ, ಸಂಶೋಧನೆಯ ತರಬೇತಿ. ಪ್ರೊಫೆಸರ್ ಆಗಲು ಮತ್ತೆ ಮೂರು ವರ್ಷ. ಕಾಲೇಜುಗಳಲ್ಲಿ ಈ ಮೆಟ್ಟಿಲು ಹತ್ತಲು ಸಮಯ ಬೇಕು, ಬೆಂಬಲ ಬೇಕು. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಕೂತು ಕರೆಯುತ್ತಿದೆ. ಅಲ್ಲಿನ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಸಂಬಳ ಹೆಚ್ಚು, ಮಕ್ಕಳಿಗೆ ಶಾಲೆ, ಗಂಡ ಅಥವಾ ಹೆಂಡತಿಗೆ ಕೆಲಸ. ಹೀಗಾಗಿ ಎಷ್ಟೋ ಡಾಕ್ಟರುಗಳು ಬೆಂಗಳೂರಲ್ಲಿ ಮನೆ ಮಾಡಿ ದಿನಾ ಹೆದ್ದಾರಿಯಲ್ಲಿ ಓಡಾಡುತ್ತಾರೆ. ಸಂಜೆ ನಾಲ್ಕರ ಮೇಲೆ ವಿಭಾಗ ಕಿರಿಯರ ಕೈಯಲ್ಲಿರುತ್ತದೆ. ಅವರನ್ನು ನಾನು ದೂರುವುದಿಲ್ಲ. ಉಳಿಯಲು ಕಾರಣ ಕೊಡದೆ ಉಳಿ ಎನ್ನುವುದು ನ್ಯಾಯವಲ್ಲ.

ದೂರಬೇಕಾದದ್ದು ಇನ್ನೊಂದನ್ನು. ದೇಶದ ಖಾಸಗಿ ಕಾಲೇಜುಗಳಲ್ಲಿ ಕಾಗದದ ಮೇಲಷ್ಟೇ ಇರುವ ಅಧ್ಯಾಪಕರು, ಪರಿಶೀಲನೆಯ ದಿನ ಮಾತ್ರ ಬಂದು ಕೂರುವ ಅಧ್ಯಾಪಕರು ಇದ್ದದ್ದು ಗುಟ್ಟೇನಲ್ಲ. ಅದಕ್ಕಾಗಿಯೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಆಧಾರ್ ಹಾಜರಾತಿ ತಂದಿತು, ಶೇ 75 ಹಾಜರಿ ಕಡ್ಡಾಯ ಮಾಡಿತು, 2025ರ ಮೇ ತಿಂಗಳಿಂದ ಮುಖ ಗುರುತಿಸುವ ವ್ಯವಸ್ಥೆಗೆ ಹೋಯಿತು. ಅದೇ ವರ್ಷ ಪರಿಶೀಲನೆಗೆ ಲಂಚದ ಆರೋಪದಲ್ಲಿ ಸಿಬಿಐ ಹಲವು ರಾಜ್ಯಗಳಿಗೆ ಹರಡಿದ ಪ್ರಕರಣ ದಾಖಲಿಸಿತು. ಮುಖದ ಹಾಜರಾತಿ ಡಾಕ್ಟರು ಕಾಲೇಜಿಗೆ ಬಂದದ್ದನ್ನು ಹೇಳುತ್ತದೆ. ಅವರು ವಿದ್ಯಾರ್ಥಿಯ ಪಕ್ಕ ನಿಂತರೇ, ಕೆನ್ನೆಯ ಹುಣ್ಣನ್ನು ಮುಟ್ಟಿ ನೋಡಿದರೇ ಎಂದು ಹೇಳುವುದಿಲ್ಲ. ಪರಿಶೀಲನೆಗೆ ಬೇಕಾದ ತಲೆ ಎಣಿಸಿ ಹುದ್ದೆ ತುಂಬುವ ಆಡಳಿತ ಮಂಡಳಿ ಜಿಲ್ಲೆಗೆ ಮಾಡುವುದು ವಂಚನೆಯೇ.

2025ರ ಜುಲೈನಲ್ಲಿ ಆಯೋಗ ಹೊಸ ನಿಯಮ ತಂದಿದೆ. ಕನಿಷ್ಠ 220 ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ಸ್ನಾತಕೋತ್ತರ ತಜ್ಞರು ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. ಎರಡು ವರ್ಷ ದುಡಿದವರು ಸೀನಿಯರ್ ರೆಸಿಡೆನ್ಸಿ ಇಲ್ಲದೆಯೂ ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು, ಸಂಶೋಧನೆಯ ಮೂಲ ತರಬೇತಿಯನ್ನು ಎರಡು ವರ್ಷದೊಳಗೆ ಮುಗಿಸಿದರಾಯಿತು. ಇದರಿಂದ ಗುಣಮಟ್ಟ ಇಳಿಯುತ್ತದೆ ಎಂಬ ಆತಂಕವನ್ನು ಕೆಲವರು ಎತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ವರ್ಷ ಕಿವಿ, ಗಂಟಲು ನೋಡಿದವರಿಗೆ ನಮ್ಮ ಜನರ ರೋಗ ಗೊತ್ತಿರುತ್ತದೆ, ಭಾಷೆ ಗೊತ್ತಿರುತ್ತದೆ. ಪ್ರಬಂಧ ಬರೆಯುವುದನ್ನು ಕಲಿಯಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಇರಲೇಬೇಕು ಎಂಬ ನಿಯಮವೂ ಇದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಬರುವ ಇಎನ್‌ಟಿ ವಿದ್ಯಾರ್ಥಿಗಳನ್ನು ವಾರಕ್ಕೊಮ್ಮೆ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿಗೆ ಕಳಿಸಿದರೆ, ಅವರು ಟಾರ್ಚು, ಬಾಯಿ ನೋಡುವ ಕನ್ನಡಿ ಹಿಡಿದು ಟೊಮೆಟೊ ಮಂಡಿಯ ಪಕ್ಕ ಒಂದು ಮೇಜು ಹಾಕಿ ಕೂತರೆ, ಬಿಳಿ ಮಚ್ಚೆಯ ಹಂತದಲ್ಲೇ ಎಷ್ಟೋ ಹೆಂಗಸರು ಸಿಗುತ್ತಾರೆ.

ಹುದ್ದೆಯ ಜಾಹೀರಾತು ಬದಲಾಗಬೇಕು. ಕನ್ನಡ ಗೊತ್ತಿರಬೇಕು, ತೆಲುಗು ಗೊತ್ತಿದ್ದರೆ ಆದ್ಯತೆ ಎಂದು ಬರೆಯಲಿ. ಕೋಲಾರದಲ್ಲೇ ವಾಸಕ್ಕೆ ಮನೆ ಕೊಡುತ್ತೇವೆ ಎಂದು ಬರೆಯಲಿ. ಸಂಬಳ ಎಷ್ಟು ಎಂದು ಅಂಕಿಯಲ್ಲಿ ಬರೆಯಲಿ. ಮೈಕ್ರೋಸ್ಕೋಪ್ ಎಷ್ಟಿದೆ, ಕಿವಿ ಮೂಳೆ ಕೊರೆದು ಕಲಿಯುವ ಲ್ಯಾಬ್ ಇದೆಯೇ, ವಾರಕ್ಕೆ ಎಷ್ಟು ದಿನ ಆಪರೇಷನ್ ಥಿಯೇಟರ್ ಸಿಗುತ್ತದೆ ಎಂದು ಹೇಳಲಿ. ಒಳ್ಳೆಯ ಸರ್ಜನ್ ಮೊದಲು ಕೇಳುವುದು ಇದನ್ನೇ. ಜೊತೆಗೆ ಆಡಿಯಾಲಜಿಸ್ಟ್ ಮತ್ತು ಮಾತು ಕಲಿಸುವವರ ಹುದ್ದೆಯನ್ನೂ ಸೇರಿಸಬೇಕು. ಹುಟ್ಟು ಕಿವುಡಿನ ಮಗುವಿಗೆ ಸರ್ಕಾರದ ವೆಚ್ಚದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಬಹುದು, ಆದರೆ ಚಿಕ್ಕ ವಯಸ್ಸಿನಲ್ಲೇ ಪತ್ತೆಯಾಗಬೇಕು, ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ ನಡೆಯಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವಾರವಾರ ಕುರುಡುಮಲೆಯಿಂದ ಮೈಸೂರಿಗೆ ಮಗುವನ್ನು ಹೊತ್ತು ಹೋಗುವುದು ಯಾವ ಕೂಲಿಯವರಿಂದಲೂ ಆಗದು. ಆ ಸಂಸ್ಥೆಯಲ್ಲಿ ಓದಿದವರು ಕೋಲಾರಕ್ಕೆ ಬರಬೇಕು.

ರಾಜಕೀಯ ಪಕ್ಷಗಳಿಗೆ ಕುರುಡುಮಲೆ ಗೊತ್ತಿರುವ ಊರು. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆಯನ್ನು ಇಲ್ಲಿನ ವಿನಾಯಕನ ಸನ್ನಿಧಿಯಿಂದಲೇ ಹೊರಡಿಸಿದರು. 2023ರಲ್ಲಿ ಡಿ.ಕೆ. ಶಿವಕುಮಾರ್ ಪ್ರಜಾಧ್ವನಿ ಯಾತ್ರೆಗೆ ಇಲ್ಲಿಂದ ಹೊರಟರು. ಮುಂದಿನ ಚುನಾವಣೆಗೂ ಬರುತ್ತಾರೆ. ಬಂದಾಗ ಊರಿನವರು ಕೈಯಲ್ಲಿ ಒಂದು ಕಾಗದ ಹಿಡಿದಿರಲಿ: ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಜೂರಾದ ಇಎನ್‌ಟಿ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಆಡಿಯಾಲಜಿಸ್ಟ್ ಎಲ್ಲಿದ್ದಾರೆ. ಉತ್ತರ ಅಲ್ಲೇ ಕೇಳಲಿ.

ಈ ವರ್ಷ ಎಂ.ಎಸ್. ಇಎನ್‌ಟಿ ಮುಗಿಸುತ್ತಿರುವ ನಮ್ಮ ಜಿಲ್ಲೆಯ ಮಕ್ಕಳಿಗೆ ಒಂದು ಮಾತು. ಕೆನ್ನೆಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಕಲಿಯಲು ಕೋಲಾರದಷ್ಟು ರೋಗಿಗಳು ಸಿಗುವ ಜಾಗ ರಾಜ್ಯದಲ್ಲಿ ಕಡಿಮೆ. ನೀವು ಬರೆಯುವ ಪ್ರಬಂಧಕ್ಕೂ ಕಲಿಯುವ ಕೈಗೂ ಇಲ್ಲಿ ಬೇಕಾದ ಕೆಲಸ ಇದೆ. ಬೆಂಗಳೂರಿನ ಕರೆ ಒಪ್ಪುವ ಮುಂಚೆ ಟಮಕದ್ದೋ ಕುಪ್ಪಂನದ್ದೋ ಜಿಲ್ಲಾ ಆಸ್ಪತ್ರೆಯದ್ದೋ ಜಾಹೀರಾತು ಬಂದರೆ ಅರ್ಜಿ ಹಾಕಿ. ಸಂದರ್ಶನದಲ್ಲಿ ಮೈಕ್ರೋಸ್ಕೋಪ್ ಬಗ್ಗೆ, ಮನೆಯ ಬಗ್ಗೆ ನೀವೇ ಕೇಳಿ. ಕೊಟ್ಟರೆ ಐದು ವರ್ಷ ನಿಲ್ಲಿ.